ನಾಗಲಿಂಗಪ್ಪನ ಮೂಗು ತೆರೆದ ದಿನ

ಮುಂಜಾನೆ ಎದ್ದಾಗ ನಾಗಲಿಂಗಪ್ಪನ ಮೂಗಿನ ಎರಡೂ ಹೊಳ್ಳೆಗಳು ಮುಚ್ಚಿದ್ದವು. ಅದೇನು ದೊಡ್ಡ ಸಂಗತಿಯಲ್ಲ. ಹಳಿಯಾಳದ ಮೇಲೋಣಿಯಲ್ಲಿ ಅವನು ಚುರಮುರಿ ಭಟ್ಟಿ ಹಚ್ಚಿದಾಗಿನಿಂದ ಹೊಟ್ಟಿನ ಹೊಗೆಯೂ ಕಾದ ಉಸುಕಿನ ಧೂಳೂ ಅವನ ಮೂಗಿನಲ್ಲಿ ಬಿಡಾರ ಹೂಡಿದ್ದವು. ಉಳಿದ ದಿನ ಒಂದು ಹೊಳ್ಳೆಯಾದರೂ ಅರ್ಧ ಬಾಗಿಲು ತೆರೆದಿರುತ್ತಿತ್ತು. ಆ ಪುಷ್ಯಮಾಸದ ಮಂಜಿನ ಬೆಳಗು ಮಾತ್ರ ಅದಕ್ಕೂ ಅಗಳಿ ಬಿದ್ದಿತ್ತು.

ಅದೇ ಬೆಳಗು ಮೇಲೋಣಿಯ ಚನಬಸಪ್ಪ ಲಿಂಗೈಕ್ಯನಾದ.

ಸುದ್ದಿ ತಂದವಳು ಪಕ್ಕದ ಮನೆಯ ನೀಲಕ್ಕ. ಓಣಿಯಲ್ಲಿ ಹುಟ್ಟಿದ್ದು, ಸತ್ತಿದ್ದು, ಮುನಿಸಿಕೊಂಡು ತವರಿಗೆ ಹೋದದ್ದು ಎಲ್ಲವೂ ಅವಳ ಬಾಯಿಂದಲೇ ಊರಿಗೆ ತಿಳಿಯಬೇಕು. "ನಾಗಲಿಂಗಣ್ಣಾ, ನಿಮ್ಮ ಗೆಣೆಯಾ ಹೋದ್ರ್ಯೋ. ಕೋಳಿ ಕೂಗೂದಕ್ಕ ಉಸುರು ನಿಂತಿತ್ತಂತ" ಎಂದು ಭಟ್ಟಿಯ ಕಟ್ಟೆಯ ಮೇಲೆ ಕುಕ್ಕರಿಸಿದಳು.

ಮೀಸೆ ಚಿಗುರುವ ಮೊದಲಿನಿಂದಲೂ ನಾಗಲಿಂಗಪ್ಪ, ಚನಬಸಪ್ಪ ಇಬ್ಬರೂ ಒಂದೇ ಭಜನಾ ಮೇಳದಲ್ಲಿದ್ದವರು. ಇವನು ಪದ ಎತ್ತಿದರೆ ಅವನ ತಾಳ. ದುಃಖ ಉಕ್ಕಿ ಬಂದು, "ಅಯ್ಯೋ ಚನಬಸಣ್ಣಾ" ಎನ್ನಲು ಬಾಯಿ ತೆರೆದ. ಹೊರಗೆ ಬಂದದ್ದು, "ಅಯ್ಯೋ ಚದಬಸಡ್ಡಾ."

ನೀಲಕ್ಕ ಸೆರಗಿನಿಂದ ಕಣ್ಣೊರೆಸುವುದನ್ನು ಅರ್ಧಕ್ಕೆ ನಿಲ್ಲಿಸಿದಳು. "ಇದೇನ್ರೀ ದನಿ? ಎತ್ತೂ ಪದಾ ಹಾಡಾವ್ರು ನೀವ. ಈ ದನೀಲೆ ಹಾಡಿದ್ರ ಹೋದವರು ಕೈಲಾಸದ ಹಾದೀನ ತಪ್ಪತಾರ."

ಆ ಓಣಿಯ ಪದ್ಧತಿ ಹೀಗಿತ್ತು. ತೀರಿದವರನ್ನು ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಮುಂದೆ ಭಜನೆ ನಡೆಯುತ್ತಲೇ ಇರುತ್ತದೆ. ಬಂದವರು ದನಿ ಕೂಡಿಸುತ್ತಾರೆ. ತೀರಿದವರನ್ನು ಒಯ್ಯುವ ಬಿದಿರಿನ ವಿಮಾನ ಎತ್ತುವ ಹೊತ್ತಿಗೆ ಮಾತ್ರ ತಾಳ ಇಳಿಸಿ, ಒಬ್ಬನೇ ಒಬ್ಬ ಎತ್ತುವ ಪದ ಹಾಡಬೇಕು. ಒಮ್ಮೆ ಹಾಡಿದವನೇ ಆ ಮನೆಯ ಮುಂದಿನ ಸಾವುಗಳಿಗೂ ಹಾಡುಗಾರ. ದೀಪಾವಳಿಯಲ್ಲಿ ಇದೇ ಕಟ್ಟೆಯ ಮೇಲೆ ಚುರಮುರಿ ಮುಕ್ಕುತ್ತ ಚನಬಸಪ್ಪ ಹೇಳಿದ್ದ: "ತಮ್ಮಾ, ನನ್ನ ಮುಂದ ನೀನ ಹಾಡಬೇಕು. ಕೆಳಗಿನ ಓಣಿ ಲಗಮಪ್ಪ ಏನರೆ ಬಾಯಿ ತಗದನಂದ್ರ, ಕೂತಾಂವ ಎದ್ದು ನಡದಬಿಡ್ತೇನಿ." ನಾಗಲಿಂಗಪ್ಪ ಅವನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ.

"ಚದಬಸಡ್ಡದ ಬಗಳು ಅಳಿಯಾ ದಾಂಡೇಲಿಯಿಂದ ಬರೂದರೊಳಗ ಬೂಗು ಬಿಡಬೇಕು" ಎಂದು ಅವನು ಹೆಂಡತಿಯ ಮುಖ ನೋಡಿದ.

ಹೊಳೆವ್ವ ಒಲೆ ಹಚ್ಚಿದಳು. ಶುಂಠಿ, ಮೆಣಸು, ತುಳಸಿ ಹಾಕಿ ಕುದಿಸಿದ ಕಷಾಯ ಗಂಟಲು ಸುಟ್ಟುಕೊಂಡು ಇಳಿಯಿತು, ಕಿವಿಯಲ್ಲಿ ಬೆವರು ಬಂತು, ಮೂಗು ಜಪ್ಪೆನ್ನಲಿಲ್ಲ. ಹುರಿದ ಅಜವಾನವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಲು ಕೊಟ್ಟಳು. ಮೂಸಲು ಮೂಗು ಬೇಕಲ್ಲ.

"ಕಷಾಯಕ್ಕ ಬಗ್ಗೂ ಮೂಗಲ್ಲ ಬಿಡ ಅದು" ಎಂದ ನೀಲಕ್ಕ, ಅರಿಷಿಣದ ಕೊಂಬನ್ನು ದೀಪಕ್ಕೆ ಹಿಡಿದು ಹೊಗೆ ಎಬ್ಬಿಸಿದಳು. "ಒಂದ ಹೊಳ್ಳಿ ಮುಚ್ಚಿ, ಇನ್ನೊಂದರಾಗ ಎಳೀರಿ."

"ಎರಡೂ ಬುಚ್ಚ್ಯಾವಲ್ಲ ತಂಗಿ."

"ಎಳೀರಿ ಅಂದ್ರ ಎಳೀಬೇಕು."

ಅವನು ಎಳೆದ. ಹೊಗೆ ಬರಲಿಲ್ಲ, ಕೊಂಬಿನ ಕಿಡಿ ಬಂತು. ಚುಂಯ್ ಎಂದು ಎಡಗಡೆಯ ಮೀಸೆ ಅರ್ಧ ಹೋಯಿತು. ಸುಟ್ಟ ಕೂದಲ ನಾತ ಓಣಿಯ ತುದಿಯವರೆಗೂ ಹೋಯಿತಂತೆ, ಅವನೊಬ್ಬನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ವಿಮಾನಕ್ಕೆ ಹಸಿ ಬಿದಿರು ಹೇರಿಕೊಂಡು ಸಿದ್ದಿಯರ ಕಾಶೀಮನ ಗಾಡಿ ಬಂತು. ಊರಿಗೆ ಕಾಡಿನ ಬಿದಿರು, ಸೊಪ್ಪು, ಸೌದೆ ತರುವವನು ಅವನೇ. ನಾಗಲಿಂಗಪ್ಪನ ಅರ್ಧ ಮೀಸೆಯನ್ನು ಕಂಡು ನಗಬೇಕೋ ಮರುಗಬೇಕೋ ತಿಳಿಯದೆ ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಮೀಸಿ ಸುಟ್ರ ಮೂಗು ಹೆಂಗ ಬಿಡ್ತೈತಿ ನಾಗಲಿಂಗಭಾಯಿ? ಗಾಡ್ಯಾಗ ಲಕ್ಕಿ ಸೊಪ್ಪ ಐತಿ. ನೀರಾಗ ಕುದಿಸಿ ಉಗಿ ತಗೋರಿ. ನಮ್ಮ ಅಮ್ಮೀ ಇದರಾಗ ಎಮ್ಮೀ ನೆಗಡೀನೂ ಬಿಡಸ್ತಿದ್ಳು."

ಎಮ್ಮೆಯ ಲೆಕ್ಕದಲ್ಲಿಯೇ ಚಿಕಿತ್ಸೆ ನಡೆಯಿತು. ಭತ್ತ ನೆನೆಸುವ ಹಂಡೆಯಲ್ಲಿ ಸೊಪ್ಪು ಕುದಿಯಿತು. ಮೇಲೆ ನಾಗಲಿಂಗಪ್ಪ, ಅವನ ಮೇಲೆ ಕಂಬಳಿ, ಕಂಬಳಿಯ ಅಂಚಿನ ಮೇಲೆ ಅವನು ಏಳದಂತೆ ನೀಲಕ್ಕ. ಒಳಗಿನಿಂದ "ಬಿಡ್ರಿ, ಸಾಯ್ತೇದಿ" ಎಂಬ ದನಿ ಬಂದಾಗಲೆಲ್ಲ ಅವಳು, "ಇಂದ ಒಬ್ಬರು ಸಾಕು, ಸುಮ್ನಿರ್ರಿ" ಎನ್ನುತ್ತಿದ್ದಳು. ಕೊನೆಗೆ ಹೊರಬಂದವನು ಬೆಂದ ಕಡುಬಿನ ಹಾಗಿದ್ದ. ಬಲಹೊಳ್ಳೆ ಮಾತ್ರ ಸಣ್ಣಗೆ ಸೀಟಿ ಹೊಡೆಯಿತು.

"ನನ್ನ ಕಷಾಯ ಈಗ ಹತ್ತೇತಿ" ಎಂದಳು ಹೊಳೆವ್ವ.

"ಕಷಾಯ ಅಲ್ಲ, ಅರಿಷಿಣ" ಎಂದಳು ನೀಲಕ್ಕ.

ಕಾಶೀಮ ಎತ್ತುಗಳಿಗೆ ನೀರು ತೋರಿಸಲು ಹೋದ.

ಆಗಲೇ ಲಗಮಪ್ಪ ಬಂದದ್ದು. ಕೆಳಗಿನ ಓಣಿಯ ಮೇಳದ ಮುಂದಾಳು; ಗಂಟೆಯಂಥ ದನಿ; ಆ ದನಿಯ ಹೆಮ್ಮೆ ಅದಕ್ಕಿಂತ ದೊಡ್ಡದು. ಒಗೆದ ಧೋತರ ಉಟ್ಟು, ಹಣೆತುಂಬ ವಿಭೂತಿ ಧರಿಸಿ, ದುಃಖದ ಮುಖ ಮಾಡಿಕೊಂಡು ನಾಗಲಿಂಗಪ್ಪನ ಮಗ್ಗುಲಿಗೇ ಕೂತ.

"ನಾಗಲಿಂಗಣ್ಣಾ, ಜೀವಕ್ಕ ತ್ರಾಸ ಮಾಡ್ಕೋಬ್ಯಾಡ್ರಿ. ಶಿವನ ಇಚ್ಛಾ. ಎತ್ತೂ ಪದಾ ನಾ ಹಾಡ್ತೇನಿ. ನೀವು ತಾಳಾ ಹಾಕಿದ್ರೂ ಸಾಕು."

ಈ ಮಾತು ನೀಲಕ್ಕನಿಗೆ ನಾಟಿತು. ಮೇಲೋಣಿಯ ಸಾವಿಗೆ ಕೆಳಗಿನ ಓಣಿಯವನು ಹಾಡುವುದೆಂದರೇನು? ಮನೆಗೆ ಹೋಗಿ ಹಿಪ್ಪಲಿ, ಮೆಣಸು, ಬಜೆ ಕುಟ್ಟಿದ ಪುಡಿಯನ್ನು ಅಂಗೈ ತುಂಬ ತಂದು ನಾಗಲಿಂಗಪ್ಪನ ಮೂಗಿಗೆ ಹಿಡಿದಳು. "ಸೀಟಿ ಹೊಡ್ಯಾಕತ್ತೇತಲ್ಲ ಆ ಹೊಳ್ಳಿ? ಅದರಾಗ ಏರಸ್ರಿ."

ಅವನು ಏರಿಸಿದ. ಒಂದು ಗಳಿಗೆ ಜಗತ್ತು ನಿಂತಿತು. ಕಣ್ಣು ಮೇಲೆ ಹೋದವು, ಬಾಯಿ ಬಾವಿಯಾಯಿತು. ಆಮೇಲೆ ಬಂದ ಸೀನಿಗೆ ಮಾಳಿಗೆಯ ಗುಬ್ಬಿಗಳು ಹಾರಿದವು, ಗಾಡಿಯ ಎತ್ತು ಕೊರಳಗಂಟೆ ಬಾರಿಸಿತು, ನೀಲಕ್ಕನ ಅಂಗೈ ಒರೆಸಿದಂತೆ ಬರಿದಾಯಿತು. ಅಷ್ಟೂ ಪುಡಿ "ಶಿವಶಿವಾ" ಎನ್ನಲು ಬಾಗಿದ್ದ ಲಗಮಪ್ಪನ ಮುಖಕ್ಕೆ ಹೋಗಿತ್ತು.

ಲಗಮಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಾವಿಯ ಕಡೆ ಓಡಿದ. ತಣ್ಣೀರು ಬಿದ್ದಷ್ಟೂ ಮೂಗು ಊದಿತು. ಬದನೆಕಾಯಿಯಾಗುವವರೆಗೂ ಅವನು ನೀರು ಬಿಡಲಿಲ್ಲ.

ಇತ್ತ ನಾಗಲಿಂಗಪ್ಪನ ಮೂಗಿನ ಎರಡೂ ಬಾಗಿಲು ಗುಡಿಯ ಬಾಗಿಲಿನ ಹಾಗೆ ತೆರೆದುಕೊಂಡವು. ಕಂಬಳಿಯ ಕುರಿವಾಸನೆ, ಹಸಿ ಬಿದಿರು, ಹೊಳೆವ್ವನ ತಲೆಯ ಕೊಬ್ಬರಿ ಎಣ್ಣೆ ಎಲ್ಲವೂ ಒಮ್ಮೆಗೇ ಒಳಬಂದವು. ಅವನು ಮೆಲ್ಲಗೆ ನಾಲಗೆ ಪರೀಕ್ಷಿಸಿದ. "ನಾನು ನಾಗಲಿಂಗಪ್ಪ."

"ಗೊತ್ತೈತ್ರಿ" ಎಂದಳು ಹೊಳೆವ್ವ. "ನಡೀರಿ, ದಾಂಡೇಲಿಯವರು ಬಂದರಂತ."

ಚನಬಸಪ್ಪ ಪಡಸಾಲೆಯಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು, ಎಲ್ಲ ಚಿಂತೆ ಬಿಟ್ಟವನಂತೆ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಶಿವವ್ವ. ಕಣ್ಣಿಗೆ ಪೊರೆ ಬಂದು ಅವಳಿಗೆ ಬೆಳಕು ಕತ್ತಲೆಯ ಹೊರತು ಏನೂ ಕಾಣುತ್ತಿರಲಿಲ್ಲ. ಗಂಡನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. ತಾಳಗಳು ಇಳಿದವು. ನಾಗಲಿಂಗಪ್ಪ ಗೆಳೆಯನ ಪಾದ ಮುಟ್ಟಿ, ಕಣ್ಣು ಮುಚ್ಚಿ ಪದ ಎತ್ತಿದ.

ಮಣ್ಣಿನ ಮನಿ ಬಿಟ್ಟ ನಡದಿ, ಶಿವನ ಮನಿಗೆ.

ಇಂಥ ದನಿ ತನ್ನೊಳಗಿತ್ತೆಂದು ಅವನಿಗೇ ಗೊತ್ತಿರಲಿಲ್ಲ. ತಿಳಿನೀರಿನಂತೆ ಹರಿಯಿತು, ಎಲ್ಲಿಯೂ ತೊಡರಿಲ್ಲ, ತಡೆಯಿಲ್ಲ. ಮಾತು ಉಳಿಸಿಕೊಂಡೆ ಎಂದುಕೊಂಡ. ಕಣ್ಣು ತೆರೆದು ನೋಡಿದರೆ, ಅಲ್ಲಿಯತನಕ ಅಳುತ್ತಿದ್ದ ಹೆಂಗಸರೆಲ್ಲ ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಶಿವವ್ವ ತಲೆಯೆತ್ತಿದಳು. "ಇವರ್ಯಾರು? ಪರಊರವರನ್ನ ಯಾಕ ಕರಿಸೀರಿ? ನಾಗಲಿಂಗಪ್ಪ ಎಲ್ಲಿ?"

"ಅಕ್ಕಾ, ನಾನ ನಾಗಲಿಂಗಪ್ಪ."

"ಕಣ್ಣಿಲ್ಲದಾಕಿ ಅಂತ ಹಿಂಗ ಮಾಡಬ್ಯಾಡಪ್ಪ ಯಾರರೆ ಇರು. ಅವನ ದನಿ ನನಗ ಗೊತ್ತಿಲ್ಲೇನು? ಕಟ್ಟಿದ ಎದಿಯಿಂದ ಬರ್ತದದು. ಅವ ಹಾಡಿದ್ರ ಅವಗ ಎಷ್ಟ ದುಃಖ ಆಗೇತಿ ಅಂತ ಕೇಳಸ್ತದ. ನೀ ಯಾವದೋ ಮದವಿ ಮನಿಯಾಗ ಹಾಡಿದಂಗ ಹಾಡಿದಿ."

ಊರಿನ ಹಿರಿಯ ಮಹಾಂತಪ್ಪ, ಇವನೇ ಅವನು ಎಂದು ತಿಳಿಹೇಳಲು ಹೋದ. ಅವಳು ಗಂಡನ ಕೈ ಬಿಡಲಿಲ್ಲ. "ನಾಗಲಿಂಗಪ್ಪ ಬಂದು ಹಾಡೂತನಕ ಇವರನ್ನ ಎತ್ತಗೊಡಾಂಗಿಲ್ಲ."

ಹೊತ್ತು ಇಳಿಯುತ್ತಿತ್ತು. ಆಗ ಬಾಗಿಲಲ್ಲಿ ಬದನೆಕಾಯಿ ಮೂಗಿನ ಲಗಮಪ್ಪ ಕಾಣಿಸಿಕೊಂಡ. ಪಾಪ, ಅವನಿಗೆ ಒಳಗಿನದೇನೂ ಗೊತ್ತಿರಲಿಲ್ಲ. "ಯವ್ವಾ, ಸಬಾಧಾದ ತಗೋರಿ" ಎಂದ.

ಶಿವವ್ವನ ಮುಖ ಅರಳಿತು. "ಬಂದ್ಯಾ ನಾಗಲಿಂಗಪ್ಪಾ? ಎಲ್ಲಿ ಹೋಗಿದ್ದಿ? ಹಾಡು, ಅಣ್ಣನ್ನ ಕಳಸು."

ಲಗಮಪ್ಪ ಬೆಪ್ಪಾಗಿ ನಿಂತ. ಮಹಾಂತಪ್ಪ ಅವನ ರಟ್ಟೆ ಹಿಡಿದು ಕಿವಿಯಲ್ಲಿ, "ಸುಮ್ನ ಹಾಡೋ. ಆಕಿ ಸಮಾಧಾನ ದೊಡ್ಡದು" ಎಂದು ಮುಂದೆ ಕೂಡ್ರಿಸಿದ. ಅವನು ಬಾಯಿ ತೆರೆದ.

ಬಡ್ಡಿದ ಬದಿ ಬಿಟ್ಟ ದಡದಿ, ಶಿವದ ಬದಿಗೆ.

ಪಡಸಾಲೆಯೇ ಗೊಳೋ ಎಂದಿತು. ನೀಲಕ್ಕ ಎದೆ ಬಡಿದುಕೊಂಡಳು. ದಾಂಡೇಲಿಯ ಅಳಿಯನೂ ಕಂಬಕ್ಕೆ ಹಣೆ ಹಚ್ಚಿ ಅತ್ತ. ನಾಗಲಿಂಗಪ್ಪ ಚನಬಸಪ್ಪನನ್ನೇ ನೋಡುತ್ತ ಕೂತ. ಎದ್ದು ನಡೆಯುತ್ತೇನೆಂದವನು ಅಲುಗಲಿಲ್ಲ. ವಿಭೂತಿಯ ಒಂದು ಕಣವೂ ಉದುರಲಿಲ್ಲ. ಶಿವವ್ವ ತಾನಾಗಿ ಕೈ ಬಿಟ್ಟಳು. ವಿಮಾನ ಎದ್ದಿತು.

ರುದ್ರಭೂಮಿಯಲ್ಲಿ ಆಗತಾನೇ ತೋಡಿದ ಮಣ್ಣು ಅಂಚಿನಲ್ಲಿ ಒಟ್ಟಿತ್ತು. ನಾಗಲಿಂಗಪ್ಪ ಹಿಡಿಮಣ್ಣು ಎತ್ತಿದ. ಎಷ್ಟೋ ಗೆಳೆಯರಿಗೆ, ಹೆತ್ತವರಿಗೆ ಈ ಮಣ್ಣು ಹಾಕಿದ್ದ. ಅದಕ್ಕೆ ಇಂಥ ತಂಪು ವಾಸನೆಯಿದೆಯೆಂದು ಇಂದೇ ತಿಳಿಯಿತು. ಶಿವನು ಮನುಷ್ಯನಿಗೆ ಕೊಟ್ಟ ಕೊನೆಯ ಹಾಸಿಗೆಯ ವಾಸನೆ. ಮುಂಜಾನೆಯಿಂದ ಬಾರದಿದ್ದ ಅಳು ಆಗ ಬಂತು. ಮಂದಿ ಚದುರಿದರೂ ಅವನು ಕೂತೇ ಇದ್ದ. ಕಾಶೀಮ ಎಬ್ಬಿಸಿ, ಹೆಗಲ ಮೇಲೆ ಕೈಹಾಕಿ ಕರೆತಂದ. ಅತ್ತು ಅತ್ತು ಅವನ ಎರಡೂ ಹೊಳ್ಳೆಗಳು ಮತ್ತೆ ಮುಚ್ಚಿಹೋಗಿದ್ದವು.

ಮಣ್ಣಿಗೆ ಹೋದವರು ಕಾಲು ತೊಳೆದು, ಆ ಮನೆಯ ದೀಪ ನೋಡಿಯೇ ತಮ್ಮ ಮನೆಗೆ ಹೋಗಬೇಕು. ಲಗಮಪ್ಪ ಸಮೇತ ಉಳಿದವರೆಲ್ಲ ಆಗಲೇ ನೋಡಿ ಪಡಸಾಲೆಯಲ್ಲಿ ಕೂತಿದ್ದರು. ನಾಗಲಿಂಗಪ್ಪ ದೀಪಕ್ಕೆ ಕೈಮುಗಿದು ಶಿವವ್ವನ ಮುಂದೆ ಕೂತ. ಈಗಲಾದರೂ ತನ್ನ ದನಿ ಅವಳಿಗೆ ಮುಟ್ಟುತ್ತದೆ ಎಂಬ ಆಸೆ ಅವನದು.

"ಅಕ್ಕಾ" ಎಂದ, "ದಾದು ದಾಗಲಿಂಗಪ್ಪ. ಕಡೀಗೂ ಬಾತು ದಡಸಲಿಕ್ಕೆ ಆಗಲಿಲ್ಲ."

ಶಿವವ್ವ ಬೇಸರದಿಂದ ಮುಖ ಅತ್ತ ಹೊರಳಿಸಿದಳು.

"ನಾಗಲಿಂಗಪ್ಪ ಆಗಳೇ ಬಂದು ಅಲ್ಲಿ ನೀರ ಕುಡ್ಯಾಕತ್ತಾನ. ಎದ್ದ ಹೋಗೋ ಲಗಮಪ್ಪಾ. ಸತ್ತ ಮನಿಯಾಗ ಮಂದಿ ದನಿ ಅಣಕಸಬಾರದು."