ಟೀಚರ್ ಮನೆಯ ಚಿಲಕ

ನಮ್ಮೂರ ಶಾಲೆಯಲ್ಲಿ ಟೀಚರುಗಳು ನಿಲ್ಲುವುದಿಲ್ಲ ಎಂಬ ಅಪವಾದವನ್ನು ನಿವಾರಿಸಲು ನಾನೊಬ್ಬನೇ ಸಾಕು ಎಂದು ನನಗೆ ಅನ್ನಿಸಿದ್ದು ಶಾಲಾಭಿವೃದ್ಧಿ ಸಮಿತಿಗೆ ಅಧ್ಯಕ್ಷನಾದ ಮಾರನೆಯ ದಿನ. ಅದಕ್ಕೆ ಮೊದಲು ಅನ್ನಿಸಿರಲಿಲ್ಲ. ಹುದ್ದೆಯ ಜೊತೆಗೆ ಬುದ್ಧಿಯೂ ಬರುತ್ತದೆ ಎಂದು ನಾನು ನಂಬಿದ್ದ ಕಾಲ ಅದು!

ಬಂದ ಟೀಚರುಗಳದ್ದು ತಪ್ಪಿಲ್ಲ. ಇರಲು ಮನೆ ಇಲ್ಲ, ಅಷ್ಟೆ. ನಮ್ಮಲ್ಲಿ ಬಾಡಿಗೆಗೆ ಅಂತ ಯಾರೂ ಮನೆ ಕಟ್ಟಿಸುವುದಿಲ್ಲ. ಖಾಲಿ ಬಿದ್ದಿದ್ದ ಒಂದೆರಡು ಕೋಣೆಗಳೂ ಶೃಂಗೇರಿಗೆ ಹೋಗಿಬರುವವರಿಗೆ ಹೋಂಸ್ಟೇ ಆಗಿವೆ. ಅಲ್ಲಿ ದಿನದ ಲೆಕ್ಕ, ಟೀಚರುಗಳದ್ದು ತಿಂಗಳ ಸಂಬಳ. ಹಾಗಾಗಿ ಅವರು ಕೊಪ್ಪದಲ್ಲಿ ರೂಮು ಹಿಡಿದು, ಬಸ್ಸು ಹಿಡಿದು, ಬಸ್ಸು ಕೈಕೊಟ್ಟ ದಿನ ಜೀಪು ಹಿಡಿದು, ಕಡೆಗೆ ವರ್ಗಾವಣೆ ಹಿಡಿದು ಹೊರಟುಬಿಡುತ್ತಿದ್ದರು.

ಈ ಸಲ ಗಣಿತಕ್ಕೆ ಬಂದವರು ರೇಣುಕಾ ಟೀಚರ್. ವಿಜಯಪುರದ ಕಡೆಯವರು. ಅವರು ಬಂದ ಮೇಲೆ ಮಕ್ಕಳಿಗೆ ಭಾಗಾಕಾರದ ಭಯ ಹೋಗಿತ್ತು. ನನ್ನ ಮಗಳಂತೂ ತಟ್ಟೆಯ ದೋಸೆಯನ್ನು ಭಿನ್ನರಾಶಿಯಾಗಿ ಹರಿದು ತಿನ್ನುತ್ತಿದ್ದಳು. ಇವರೂ ಹೋದರೆ ಉಳಿದಿರುವ ನಾಲ್ಕು ಮಕ್ಕಳನ್ನೂ ಪೇಟೆ ಶಾಲೆಯ ವ್ಯಾನು ಎತ್ತಿಕೊಂಡು ಹೋಗುತ್ತದೆ, ನಮ್ಮ ಶಾಲೆಗೆ ಬೀಗ. ವರ್ಗಾವಣೆಗೆ ಅರ್ಜಿ ಹಾಕುವ ಸಮಯ ಬೇರೆ ಹತ್ತಿರ ಬರುತ್ತಿತ್ತು.

"ಮನೆ ತಾನೆ ಟೀಚರ್? ನನಗೆ ಬಿಡಿ" ಎಂದೆ.

ವಿಷಯ ನನ್ನ ಹೆಂಡತಿ ಶಾರದೆಗೆ ಮುಟ್ಟಿತು. "ನಮ್ಮನೆ ಬಚ್ಚಲಿನ ನಲ್ಲಿ ಸರಿಮಾಡ್ತೀನಿ ಅಂತ ಹೇಳಿ ದೀಪಾವಳಿ ಕಳೀತು. ಈಗ ಟೀಚರಿಗೆ ಮನೆಯಾ?" ಎಂದಳು. ಮಹತ್ಕಾರ್ಯಗಳಿಗೆ ಮನೆಯಿಂದಲೇ ವಿಘ್ನ!

ಶಾಲೆಯ ಹಿಂದೆ ಒಂದು ಹಳೆಯ ಕ್ವಾರ್ಟರ್ಸ್ ಇತ್ತು. ಅದರಲ್ಲಿ ಬಿಸಿಯೂಟದ ಅಕ್ಕಿ ಮತ್ತು ಮುರಿದ ಬೆಂಚುಗಳು ವಾಸವಾಗಿದ್ದವು. ಊರವರು ಅದನ್ನು ಉಗ್ರಾಣ ಅಂತಲೇ ಕರೆಯುತ್ತಿದ್ದದ್ದು. ಪಕ್ಕದ ಮನೆಯ ಶೇಷಪ್ಪನನ್ನು ಕರೆದುಕೊಂಡು ಹೋಗಿ ಅಕ್ಕಿ ಮೂಟೆಗಳನ್ನು ಹೆಡ್‌ಮಾಸ್ಟರ ಕೋಣೆಗೆ ಸಾಗಿಸಿದೆ. ಅಂದಿನಿಂದ ಅವರು ರೇಷನ್ ಅಂಗಡಿಯವರ ಹಾಗೆ ಕಾಣತೊಡಗಿದರು. ಮುರಿಯದ ಒಂದು ಬೆಂಚನ್ನು ಸೋಫಾ ಎಂದು ಘೋಷಿಸಿ ಅಲ್ಲೇ ಬಿಟ್ಟೆ.

ಬಣ್ಣಕ್ಕೆ ಶಾಲೆಯಲ್ಲಿ ಮಿಕ್ಕಿದ್ದ ಹಳದಿಗೆ ನೀಲಿ ಬೆರೆಸಿದೆ.

"ಎಂತ ಬಣ್ಣ ಮಾರಾಯ ಇದು?" ಎಂದ ಶೇಷಪ್ಪ.

"ಪಿಸ್ತಾ."

"ಪಿಸ್ತಾ ತಿಂದ ದನದ ಸಗಣಿ" ಎಂದು ಹೇಳಿ ಬ್ರಷ್ಷು ಎತ್ತಿಕೊಂಡ.

ವೈರಿಂಗನ್ನೂ ನಾನೇ ಮಾಡಿದೆ. ಬಲ್ಬಿನ ಸ್ವಿಚ್ಚು ಒತ್ತಿದೆ. ಬಲ್ಬು ಹತ್ತಲಿಲ್ಲ, ಶಾಲೆಯ ಕರೆಂಟು ಗಂಟೆ ಹೊಡೆಯಿತು! ಮಕ್ಕಳು ಚೀಲ ಹೆಗಲಿಗೇರಿಸಿ ಮಧ್ಯಾಹ್ನಕ್ಕೆ ಮೊದಲೇ ಮನೆಗೆ ಹೋದರು. ಮಾರನೆಯ ದಿನ ಹೆಡ್‌ಮಾಸ್ಟರು ನನ್ನನ್ನು ಏನೂ ಕೇಳದೆ ಕೊಪ್ಪದಿಂದ ಎಲೆಕ್ಟ್ರಿಷಿಯನ್ನನ್ನು ಕರೆಸಿದರು.

ಭಾನುವಾರ ಟೀಚರ್ ಸಾಮಾನು ತಂದರು. ಊರೇ ನೆರೆದಿತ್ತು. ನಾನು ಭಾಷಣ ಮಾಡಿದೆ. ಟೀಚರ್ ಬಾಗಿಲ ಹಿಂದೆ ಮುಂದೆ ನೋಡಿ, "ಸರ, ಒಳಗ ಚಿಲಕ ಎಲ್ಲೈತ್ರಿ?" ಎಂದು ಕೇಳಿದರು.

ಇರಲಿಲ್ಲ. ಉಗ್ರಾಣಕ್ಕೆ ಒಳಗಿನ ಚಿಲಕ ಯಾಕೆ? ಹೊರಗೆ ಮಾತ್ರ ದಪ್ಪನೆಯದೊಂದು ಇತ್ತು. ಬಾಗಿಲು ತೆರೆದಿದ್ದರೆ ಮಂಗಗಳು ಅಕ್ಕಿಗೆ ನುಗ್ಗುತ್ತವೆ. ಅದಕ್ಕೇ ಆ ದಾರಿಯಲ್ಲಿ ಯಾರು ಹೋದರೂ ಚಿಲಕ ಎಳೆದು ಮುಂದೆ ಹೋಗುವುದು ನಮ್ಮೂರ ಪದ್ಧತಿ. ನಮ್ಮ ಮಕ್ಕಳಿಗೆ ಇದು ಅ ಆ ಇ ಈ ಕಲಿಯುವುದಕ್ಕಿಂತ ಮೊದಲು ಬರುತ್ತದೆ.

"ನಮ್ಮೂರಲ್ಲಿ ಕಳ್ಳರಿಲ್ಲ ಟೀಚರ್! ನಮ್ಮನೆಗೇ ನಾವು ಚಿಲಕ ಹಾಕಲ್ಲ" ಎಂದು ನಕ್ಕೆ. ಎಲ್ಲರೂ ತಲೆದೂಗಿದರು. ಮಂಗಗಳ ಪದ್ಧತಿ ಇನ್ನು ಸಾಕು, ಈ ಬಾಗಿಲನ್ನು ಯಾರೂ ಮುಟ್ಟಕೂಡದು ಎಂದು ಊರವರಿಗೆ ಕಟ್ಟಪ್ಪಣೆಯನ್ನೂ ಮಾಡಿದೆ.

ದಾರಿಯಲ್ಲಿ ಶಾರದೆ ಹೇಳಿದಳು, "ಒಬ್ಬರೇ ಹೆಣ್ಮಗಳು, ಗೊತ್ತಿಲ್ಲದ ಊರು. ಚಿಲಕ ಕಳ್ಳರಿಗಲ್ಲ ಮಾರಾಯ್ರೆ, ಅವರಿಗೆ."

"ನಾಳೆ ನೋಡೋಣ" ಎಂದೆ.

ನಾಳೆ ಬಂತು. ಶಾಲೆಯಿಂದ ಹೆಡ್‌ಮಾಸ್ಟರ ಫೋನು. "ಅಧ್ಯಕ್ಷರೇ, ಪ್ರಾರ್ಥನೆ ಮುಗೀತು, ರೇಣುಕಾ ಟೀಚರ್ ಬಂದಿಲ್ಲ. ಮನೆ ಬಾಗಿಲು ಹಾಕಿದೆ, ಫೋನೂ ಹತ್ತುತ್ತಾ ಇಲ್ಲ."

ಹೋದರು! ಬಣ್ಣ ನೋಡಿಯೇ ಹೋದರು! ಬಸ್ ನಿಲ್ದಾಣಕ್ಕೆ ಓಡಿದೆ. ನರಸಿಂಹರಾಜಪುರದ ಬಸ್ಸನ್ನು ಅಡ್ಡಗಟ್ಟಿ ಒಳಗೆ ಹತ್ತಿ ಸೀಟು ಸೀಟು ಹುಡುಕಿದೆ. "ನೀವು ಹತ್ತೋದಾ, ಇಳಿಯೋದಾ?" ಎಂದು ಕಂಡಕ್ಟರು ಗದರಿದ. ಇಳಿದೆ.

ಏದುಸಿರು ಬಿಡುತ್ತಾ ಶಾಲೆಗೆ ಬಂದರೆ ಟೀಚರ್ ಅಂಗಳದಲ್ಲೇ ನಿಂತಿದ್ದರು. ಅಡುಗೆಯ ಗಿರಿಜಕ್ಕ, ಅಕ್ಕಿ ಸ್ಥಳಾಂತರವಾದದ್ದನ್ನು ಮರೆತು, ಅಭ್ಯಾಸಬಲದಿಂದ ಉಗ್ರಾಣದ ಚಿಲಕ ತೆಗೆದಿದ್ದಳು. ಒಳಗೆ ಟೀಚರ್! ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು. ಅವರು ಬೆಳಿಗ್ಗೆ ಕೂಗಿದಾಗ ಆ ಕಡೆ ಯಾರೂ ಇರಲಿಲ್ಲ, ಆಮೇಲೆ ಕೂಗಿದ್ದು ಮಕ್ಕಳ ಪ್ರಾರ್ಥನೆಯಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಒಳಗೆ ಫೋನಿಗೆ ನೆಟ್‌ವರ್ಕ್ ಇಲ್ಲ.

ನನಗೆ ಕೆಂಡದಂಥ ಕೋಪ ಬಂತು. "ಯಾರು ಹಾಕಿದ್ದು? ನಿನ್ನೆ ತಾನೆ ಹೇಳಿದೀನಿ! ಯಾರಿಗೆ ತಲೆ ನೆಟ್ಟಗಿಲ್ಲ?" ಎಂದು ಗುಡುಗಿದೆ.

ಟೀಚರ್ ಮೆಲ್ಲಗೆ ಹೇಳಿದರು, "ಸರ, ಮುಂಜಾನೆ ಗಾಳಿ ಬರ್ಲಿ ಅಂತ ಬಾಗಲಾ ಸ್ವಲ್ಪ ತೆಗದಿದ್ದೆ. ಯಾರೋ ಹಾಲಿನ ಕ್ಯಾನ್ ಕೆಳಗಿಟ್ಟ ಸಪ್ಪಳಾತು. 'ಈ ಊರಿನವರಿಗೆ ಎಷ್ಟು ಹೇಳಿದ್ರೂ ಇಷ್ಟೇ, ಬಾಗಿಲು ಹಾಕಲ್ಲ' ಅಂತ ಬೈದು ಚಿಲಕ ಎಳದ್ರು, ನಾ ಕೂಗೂದ್ರಾಗ ಹೋಗಿಬಿಟ್ರು. ದನಿ ನಿಮ್ಮದ ಇತ್ರೀ."

ನಾನು ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವ ದಾರಿ ಅದೇ. ಎಳೆದದ್ದು ನೆನಪಿಗೂ ಬರಲಿಲ್ಲ. ಕೈ ತನ್ನ ಪಾಡಿಗೆ ಎಳೆದಿತ್ತು! "ಎಂತ ಮಾರಾಯ!" ಎಂದ, ನನ್ನ ಹಿಂದೆಯೇ ಓಡಿಬಂದಿದ್ದ ಶೇಷಪ್ಪ. ಮಕ್ಕಳು ನಕ್ಕರು. ನನ್ನ ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು.

ಆ ಮಧ್ಯಾಹ್ನವೇ ಹೊರಗಿನ ಚಿಲಕ ಕಿತ್ತು, ಒಳಗೊಂದು ಹೊಸದನ್ನು ಕೂರಿಸಲು ಹೋದೆ. ಸರಿಯಾಗಿ ಕೂರುತ್ತದೋ ನೋಡಲು ಬಾಗಿಲು ಮುಚ್ಚಿದಾಗ ನೆಲ ಕಂಡಿತು. ನನ್ನ ಸೋಫಾ ಬೆಂಚನ್ನು ಎಳೆದ ಗೀರು ಬಾಗಿಲವರೆಗೂ ಇತ್ತು. ಕಳ್ಳರಿಲ್ಲದ ನಮ್ಮೂರಲ್ಲಿ ಆ ಹೆಣ್ಣುಮಗಳು ಬಾಗಿಲಿಗೆ ಬೆಂಚು ಒತ್ತಿ ಮಲಗಿದ್ದರು. ಮಲಗಿದ್ದರೋ, ಕೂತೇ ಇದ್ದರೋ. ನನಗೆ ನಿಜಕ್ಕೂ ನಾಚಿಕೆಯಾಯಿತು. ಗೋಡೆಗೆ ಬಣ್ಣ ಬಳಿದ ನಾನು, ಒಳಗೆ ಮನುಷ್ಯರೊಬ್ಬರು ಇರುತ್ತಾರೆ ಎಂಬುದನ್ನೇ ಯೋಚಿಸಿರಲಿಲ್ಲ. ಅಕ್ಕಿ ಮೂಟೆ ತೆಗೆದು ಆ ಜಾಗದಲ್ಲಿ ಟೀಚರನ್ನು ಇಟ್ಟಿದ್ದೆ, ಅಷ್ಟೆ.

ಅರ್ಜಿ ಹಾಕುವ ಸಮಯ ಬಂತು, ಹೋಯಿತು. ಟೀಚರ್ ಹಾಕಲಿಲ್ಲ. "ಒಂದ್ ವರ್ಷ ನೋಡ್ತೀನ್ರೀ ಸರ. ಬಣ್ಣ ಅಷ್ಟ ಬದಲಿ ಮಾಡಸ್ರಿ" ಎಂದರು. ಈಗ ಅವರ ಮನೆಗೆ ಹೋದವರು ಬಾಗಿಲು ತಟ್ಟಿ, ಅವರು ತೆಗೆಯುವವರೆಗೆ ಹೊರಗೆ ಕಾಯುತ್ತಾರೆ. ನಾನೂ ಕಾಯುತ್ತೇನೆ.

ಮೊನ್ನೆ ಕೊಪ್ಪದ ಸಭೆಯಲ್ಲಿ ಇನ್ನೊಂದು ಶಾಲೆಯ ಅಧ್ಯಕ್ಷರು ನನ್ನನ್ನು ಹುಡುಕಿಕೊಂಡು ಬಂದರು. "ನಮ್ಮಲ್ಲಿ ಟೀಚರ್ ಯಾರೂ ನಿಲ್ಲೋದೇ ಇಲ್ಲ ಮಾರಾಯ್ರೆ. ನೀವು ಹೇಗೆ ಉಳಿಸ್ಕೊಂಡ್ರಿ?"

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ನನ್ನ ಜೊತೆ ಬಂದಿದ್ದ ಶೇಷಪ್ಪ ಹೇಳಿಯೇಬಿಟ್ಟ:

"ಹೊರಗಿಂದ ಚಿಲಕ ಹಾಕಿದ್ರು!"