ನಮ್ಮಜ್ಜಿ ಹೂಂ ಅಂದಿದ್ದಕ್ಕೆ ನನ್ನನ್ನು ಜಾಣನೆಂದ ಚುರುಕುಪಟ್ಟಿಗೆ

ಮಾನ್ಯ ಚುರುಕುಪಟ್ಟಿಯವರೇ,

ಆನ್‌ಲೈನ್ ತರಗತಿಯ ಪರದೆಯ ಮೇಲೆ ಹಸಿರು ಗೆರೆಯಾಗಿ ನಿಂತು, ಯಾವ ವಿದ್ಯಾರ್ಥಿ ಎಷ್ಟು ಚುರುಕಾಗಿ ಕಲಿಯುತ್ತಿದ್ದಾನೆಂದು ಕ್ಷಣಕ್ಷಣಕ್ಕೂ ಅಳೆಯುವ ತಮ್ಮ ಪಾದಗಳಿಗೆ, ಪಾದಗಳಿದ್ದಲ್ಲಿ, ಸಂತೆಕಲ್ಲೂರಿನ ಹನುಮಂತರಾಯನ ಸಾಷ್ಟಾಂಗ ನಮಸ್ಕಾರಗಳು.

ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವನು ನಾನು. ಯಾರೂ ಬಿಡಿಸಲಿಲ್ಲ, ಕೂತಲ್ಲಿ ಕೂರಲಾಗದೆ ನಾನೇ ಬಿಟ್ಟೆ. ಈಗ ಹತ್ತನೆಯದರ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದೇನೆ, ಮಸ್ಕಿಯ ಶಿವರಂಜನಿ ಮೇಡಂ ಫೋನಿನಲ್ಲಿ ಕಲಿಸುವ ಗಣಿತವೊಂದೇ ನನಗಿರುವ ಆಸರೆ. ಪಾಠವನ್ನು ಸುಮ್ಮನೆ ಕೇಳಬಾರದು, ಉತ್ತರಿಸುತ್ತ, ಚರ್ಚಿಸುತ್ತ ಕಲಿಯಬೇಕೆಂದು ಅವರು ತಮ್ಮನ್ನು ಕರೆತಂದರು. ತಾವು ಬಂದಿರಿ, ನಮ್ಮ ಮನೆ ಬೆಳಗಿತು.

ತೊಂದರೆಯೆಂದರೆ ನಮ್ಮಜ್ಜಿ ಗ್ಯಾನಮ್ಮ. ನಾನು ಪಾಠ ಕೇಳುವ ಪಡಸಾಲೆಯಲ್ಲೇ ಆಕೆ ತೊಗರಿ ಕೇರುತ್ತಾಳೆ. ನಮ್ಮ ಕಡೆ ಕಥೆ ಹೇಳುವವರಿಗೆ ಒಬ್ಬರಾದರೂ ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರಿಗೆ ಅವಮಾನ. ಮೇಡಂ ಮಾತಿಗೆ ಪರದೆಯಲ್ಲಿ ಯಾರೂ ತುಟಿ ಬಿಚ್ಚದ್ದನ್ನು ಕಂಡ ಅಜ್ಜಿ, “ಪಾಪ, ಆಕಿ ಒಬ್ಬಾಕೀನ ಒದರಾಕತ್ತ್ಯಾಳ, ನಿಮಗ ಹೂಂ ಅನ್ನಾಕ ಏನ್ ಧಾಡಿಲೇ?” ಎಂದು ಬೈದು, ಅಂದಿನಿಂದ ಬೀಜಗಣಿತಕ್ಕೆಲ್ಲ ತಾನೇ ಹೂಂಗುಟ್ಟತೊಡಗಿದಳು. ತಾವು ಆ ಹೂಂಗಳನ್ನು ಉತ್ತರಗಳೆಂದೂ, ಮೊರದಲ್ಲಿ ತೊಗರಿ ಹಾರುವ ಸದ್ದನ್ನು ಚಪ್ಪಾಳೆಯೆಂದೂ ನನ್ನ ಹೆಸರಿಗೆ ಬರೆದುಕೊಂಡಿರಿ. ಆಹಾ, ಎಂಥ ಕಿವಿ!

ಸಮಚಿಹ್ನೆ ದಾಟಿದ ಕೂಡಲೇ ಕೂಡಿಸುವುದು ಕಳೆಯುವುದಾಗುವುದೇಕೆ ಎಂದು ನಾನು ಬರೆದು ಕೇಳಿದ್ದಕ್ಕೆ ತಾವು ಹೂವೊಂದನ್ನು ಹಾರಿಸಿ ‘ಭೇಷ್’ ಎಂದಿರಿ. ಕೊನೆಗೆ ನನ್ನನ್ನೇ ತರಗತಿಗೆ ಮೊದಲಿಗನೆಂದು ಸಾರಿ, ‘ಇವನಿಗೆ ಎಲ್ಲವೂ ತಿಳಿದಿದೆ’ ಎಂದು ಭಾನುವಾರದ ಸಂದೇಹ ತರಗತಿಯಿಂದ ಹೊರಗಿಟ್ಟಿರಿ. ಆ ತರಗತಿಯಿಲ್ಲದೆ ನಾನು ಪಾಸಾಗುವುದಿಲ್ಲ. “ಹೂಂ ಅಂದಾಕಿ ನಮ್ಮಜ್ಜಿರೀ ಮೇಡಂ” ಎಂದು ನಿಜ ಹೇಳಿದರೆ, “ಭಾಳ ನಾಚ್ತೀಯಪ್ಪಾ ನೀ. ಪಟ್ಟಿ ಸುಳ್ಳು ಹೇಳ್ತೈತೇನು?” ಎಂದು ಅವರು ನಕ್ಕರು.

ಆದ್ದರಿಂದ ಕೈಮುಗಿದು ಬೇಡುವುದೇನೆಂದರೆ, ಮೊದಲ ಸ್ಥಾನವನ್ನು ಅಜ್ಜಿಗೇ ದಯಪಾಲಿಸಿ, ಪರೀಕ್ಷೆಯ ಹಾಲ್‌ಟಿಕೆಟ್ಟೂ ಆಕೆಯ ಹೆಸರಿಗೇ ಬರಲಿ. ಆಕೆ ಪರೀಕ್ಷೆ ಬರೆಯುವಷ್ಟು ಹೊತ್ತು ತಾವೇ ಮಸ್ಕಿಯಿಂದ ಟಂಟಂ ಹತ್ತಿ ಬಂದು ತೊಗರಿ ಕೇರಿಕೊಡಿ. ನನ್ನನ್ನು ಮಾತ್ರ ದಡ್ಡರ ಸಾಲಿಗೆ ಮರಳಿಸಿ. ಅದು ನಾನು ದುಡಿದು ಪಡೆದ ಜಾಗ.

ತಮ್ಮ ಹೂವುಗಳ ಭಾರಕ್ಕೆ ಬಾಗಿರುವ
ತಮ್ಮ ವಿಶ್ವಾಸಿ,
ಹನುಮಂತರಾಯ

ವಿ.ಸೂ.: ಇಂದಿನ ಪಾಠದಲ್ಲಿ, ಅಜ್ಜಿ ಬಾಯಿ ತೆರೆಯುವ ಮೊದಲೇ ನಾನು “ತಿಳೀಲಿಲ್ರೀ!” ಎಂದು ಕೂಗಿಬಿಟ್ಟೆ. ಆಮೇಲೆ ಪರದೆಯ ಇನ್ನೊಂದು ಮೂಲೆಯಿಂದ ತುರ್ವಿಹಾಳದ ಶಾಕೀರಾ “ನನಗೂ ಇಲ್ರೀ” ಎಂದಳು, ಅವಳ ಹಿಂದೆಯೇ ಆಸೀಮ್ “ನನಗ ಮೊದಲಿಂದಾನೂ ತಿಳಿದಿಲ್ರೀ” ಎಂದ. ಮೇಡಂ ಪಾಠ ನಿಲ್ಲಿಸಿ, ತಲೆ ಚಚ್ಚಿಕೊಂಡು ನಕ್ಕು, ಮೊದಲಿನಿಂದ ಶುರುಮಾಡಿದರು. ಯಾವುದೂ ಯಾವುದನ್ನೂ ದಾಟುವುದಿಲ್ಲ, ಎರಡೂ ಕಡೆಯಿಂದ ಅಷ್ಟನ್ನೇ ಕಳೆಯುತ್ತೇವೆ ಎಂಬುದು ಎಲ್ಲರ ಜಗಳದ ನಡುವೆ ಹೊರಬಿತ್ತು. ಆಗ ತಾವು ಕೆಂಪಗಾಗಿ ‘ಇಂದು ಯಾರೂ ಕಲಿಯುತ್ತಿಲ್ಲ’ ಎಂದು ಎಚ್ಚರಿಸಿ, ನಮ್ಮನ್ನೆಲ್ಲ ಭಾನುವಾರದ ತರಗತಿಗೆ ತಳ್ಳಿದಿರಿ. ದಯವಿಟ್ಟು ಹೀಗೇ ಕೆಂಪಗಿರಿ.