ಮುದಿ ಕಂಪ್ಯೂಟರಿಗೆ ನಾನು ಯೌವನ ತಂದುಕೊಟ್ಟದ್ದು

ಹೇಳಿದ ಬೆಲೆಗೆ ವಸ್ತು ಕೊಂಡವನು ನಮ್ಮ ವಂಶದಲ್ಲೇ ಹುಟ್ಟಿಲ್ಲ. ನಾನಂತೂ ಪಾತ್ರೆ ಅಂಗಡಿಯ ಗಲ್ಲಾದ ಹಿಂದೆ ಕೂತು ಕೂತೇ ಕೂದಲು ನರೆಸಿಕೊಂಡವನು. ಗಿರಾಕಿ ಮೆಟ್ಟಿಲು ಹತ್ತುವ ಠೀವಿಯಲ್ಲೇ ಅವನು ಕುಕ್ಕರ್ ಕೊಳ್ಳಲು ಬಂದನೋ, ಬರೀ ಫ್ಯಾನಿನ ಗಾಳಿಗೆ ಬಂದನೋ ಹೇಳಬಲ್ಲೆ. ಇಂಥ ನನಗೆ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಫೋನಿನಲ್ಲಿ ವ್ಯಾಪಾರ ಕಲಿಸಲು ಬಂದ!

"ಸಾಹುಕಾರ್ರೇ, ಆ ಹಳೇ ಡಬ್ಬಾನ ಬಿಸಾಕಿ. ನಾನು ಕಂಪ್ಯೂಟರ್ ತಗೊಂಡ ಅಂಗಡಿಗೇ ಕರ್ಕೊಂಡು ಹೋಗ್ತೀನಿ. ಚೀಟಿ ಮೇಲೆ ಬೆಲೆ ಬರೆದಿರ್ತಾರೆ. ಅಷ್ಟು ಕೊಡೋದು, ಬರೋದು."

ಅಷ್ಟು ಕೊಡೋದು, ಬರೋದು! ಇದೇನು ವ್ಯಾಪಾರವೋ, ದಂಡ ಕಟ್ಟುವುದೋ?

ಆತ ಡಬ್ಬಾ ಎಂದದ್ದು ನಮ್ಮ ಡೆಸ್ಕ್‌ಟಾಪ್ ಕಂಪ್ಯೂಟರನ್ನು. ಅಂಗಡಿಯಲ್ಲಿ ಸ್ಟಾಕಿನ ಲೆಕ್ಕ ಬರೆದು ಬರೆದು ದಣಿದು, ನಿವೃತ್ತಿ ಪಡೆದು ಮನೆಗೆ ಬಂದಿತ್ತು. ನನ್ನ ಹೆಂಡತಿ ಅದರಲ್ಲಿ ಕಾರ್ ರೇಸ್ ಆಡತೊಡಗಿದಳು. ಆಕೆಯ ಅಕ್ಕ ತನ್ನ ಮನೆಯಲ್ಲಿ ಕೂತು, ಇವಳು ಇಲ್ಲಿ ಕೂತು, ಇಂಟರ್ನೆಟ್ಟಿನಲ್ಲಿ ಪ್ರತಿ ಭಾನುವಾರ ಪಂದ್ಯ. ಅಕ್ಕನ ಕಂಪ್ಯೂಟರು ಹೊಚ್ಚ ಹೊಸದು. ನಮ್ಮದೋ, ತಿರುವು ಬಂದ ಕೂಡಲೇ ಚಿತ್ರ ಗಕ್ಕನೆ ನಿಂತು ಧ್ಯಾನಕ್ಕೆ ಕೂರುತ್ತಿತ್ತು. ಧ್ಯಾನ ಮುಗಿಸಿ ಕಣ್ಣು ಬಿಡುವಷ್ಟರಲ್ಲಿ ಇವಳ ಕಾರು ಹೊಂಡದಲ್ಲಿ.

"ತಪ್ಪನ್ನ ಕಂಪ್ಯೂಟರ್ ಮೇಲೆ ಯಾಕೇ ಹಾಕ್ತೀಯ?" ಎಂದು ಅಕ್ಕ ಫೋನಿನಲ್ಲಿ ನಗುವಳು. "ಚಿಕ್ಕಂದಿನಲ್ಲಿ ಸೈಕಲ್ ಕೊಟ್ರೂ ನೀನು ಹೊಂಡಕ್ಕೇ ಬಿಡ್ತಿದ್ದೆ!"

ಇವಳ ಕಣ್ಣಲ್ಲಿ ನೀರೇ ಬಂದಿತ್ತು. ಅದನ್ನು ನೋಡಿ ನನ್ನೊಳಗಿನ ಗಂಡನೂ ಎದ್ದ, ವ್ಯಾಪಾರಿಯೂ ಎದ್ದ. ಫೋನು ಕಸಿದುಕೊಂಡು ಷಡ್ಡಕನಿಗೆ ಸವಾಲು ಹಾಕಿದೆ: "ಬರೋ ಭಾನುವಾರ ನನ್ನ ಈ ಹಳೇ ಮೆಷಿನ್ ನಿಮ್ಮ ಹೊಸದನ್ನ ಸೋಲಿಸುತ್ತೆ! ಸೋಲಿಸದೆ ಇದ್ರೆ ನೀವು ಹೇಳಿದ ಅಂಗಡಿಯಲ್ಲೇ, ಚೀಟಿಯಲ್ಲಿರೋ ಬೆಲೆಗೇ, ತುಟಿ ಬಿಚ್ಚದೆ ಹೊಸದು ತಗೋತೀನಿ!"

ಆ ಕಡೆಯಿಂದ ಷಡ್ಡಕ ನಕ್ಕ: "ನೀವು? ತುಟಿ ಬಿಚ್ಚದೆ? ಅದನ್ನ ನೋಡೋಕಾದ್ರೂ ನಾನು ಗೆಲ್ಲಬೇಕು."

ಮರುದಿನವೇ ನಮ್ಮ ಬೀದಿಯ ತುದಿಯ ಕಂಪ್ಯೂಟರ್ ಅಂಗಡಿಯ ಮೇಲೆ ದಂಡೆತ್ತಿ ಹೋದೆ. ಯಾರೋ ಆಡಿ ಬಿಟ್ಟ ಗ್ರಾಫಿಕ್ಸ್ ಕಾರ್ಡು, ಹೆಚ್ಚಿನ ರ್‍ಯಾಮು, ದಪ್ಪನೆಯ ಪವರ್ ಸಪ್ಲೈ, ಎಲ್ಲವನ್ನೂ ಗಲ್ಲಾದ ಮೇಲೆ ರಾಶಿ ಹಾಕಿಸಿದೆ. ಆಮೇಲೆ ಶುರುವಾಯಿತು ನೋಡಿ ನನ್ನ ಚೌಕಾಸಿಯ ಕಛೇರಿ! ಅಂಗಡಿಯವನು ಮೊದಲು ನಕ್ಕ, ಆಮೇಲೆ ಬೆವರಿದ, ಕೊನೆಗೆ ಶಟರ್ ಎಳೆಯಲು ಎದ್ದ.

"ಆಯ್ತು ಸಾರ್, ತಗೊಂಡು ಹೋಗಿ. ಫಿಟ್ಟಿಂಗ್ ಚಾರ್ಜ್ ಮಾತ್ರ ಬಿಡೋಕಾಗಲ್ಲ."

"ಫಿಟ್ಟಿಂಗ್ ಯಾರಿಗ್ರೀ ಬೇಕು? ದಿನಾ ಕುಕ್ಕರಿಗೆ ಹಿಡಿ ಕೂರಿಸೋನು ನಾನು. ಫಿಟ್ಟಿಂಗ್ ನಾನೇ ಮಾಡ್ಕೋತೀನಿ. ಅದರ ಬದಲು ಈ ಕೂಲರ್ ಕೊಸರು ಹಾಕಿ!"

ಕೂಲರ್ ಎಂದರೆ ಕಂಪ್ಯೂಟರಿನ ಪ್ರೊಸೆಸರು, ಅಂದರೆ ಅದರ ಮಿದುಳು, ಕಾಯದಂತೆ ಅದರ ತಲೆಯ ಮೇಲೆ ಕೂರುವ ಫ್ಯಾನು. ತಳಕ್ಕೆ ಥಳಥಳ ಹೊಳೆಯುವ ತಾಮ್ರ. ಅಂಗಡಿಯವನು ಅದನ್ನು ಕಾಣಿಕೆ ಒಪ್ಪಿಸುವಂತೆ ಎರಡೂ ಕೈಯಲ್ಲಿ ಎತ್ತಿಕೊಟ್ಟ. ನಾನು ಬೇಗ ಹೊರಟರೆ ಸಾಕಾಗಿತ್ತು ಅವನಿಗೆ.

ಮನೆಯ ಹಜಾರ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಹೆಂಡತಿ ಟಾರ್ಚು ಹಿಡಿದಳು. ಮೊದಲ ವಿಘ್ನ: ಗ್ರಾಫಿಕ್ಸ್ ಕಾರ್ಡು ಮೊಳದುದ್ದ, ಪೆಟ್ಟಿಗೆ ಗೇಣುದ್ದ! ನಮ್ಮ ಅಂಗಡಿಯಿಂದ ತಗಡು ಕತ್ತರಿಸುವ ಕತ್ತರಿ ತಂದು ಪೆಟ್ಟಿಗೆಗೆ ಕಿಟಕಿ ತೆಗೆದೆ. ಕಾರ್ಡು ಬಸ್ಸಿನಿಂದ ಮೊಣಕೈ ಹೊರಹಾಕಿದ ಪ್ರಯಾಣಿಕನಂತೆ ಆರಾಮಾಗಿ ಕೂತಿತು.

ಆಮೇಲೆ ಕೂಲರು. ಅದರ ತಾಮ್ರದ ತಳಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು.

"ರೀ, ಅದನ್ನ ಕೀಳಬೇಕೇನೋ?" ಎಂದಳು.

"ಹುಚ್ಚಿ! ಸ್ಟಿಕ್ಕರ್ ಕಿತ್ತ ಪಾತ್ರೆ ಅಂದ್ರೆ ಬಳಸಿದ ಪಾತ್ರೆ. ನಾಳೆ ಮಾರೋಕೆ ಹೋದ್ರೆ ಅರ್ಧ ಬೆಲೆ. ಇರಲಿ ಬಿಡು, ತಳ ಹೊಸದಾಗಿರುತ್ತೆ." ಒಂದು ಮೂಲೆ ಸ್ವಲ್ಪ ಎದ್ದಿತ್ತು. ಅದನ್ನೂ ಹೆಬ್ಬೆರಳಿನಿಂದ ಒತ್ತಿ, ತೀಡಿ, ಭದ್ರವಾಗಿ ಕೂರಿಸಿದೆ. ಕೂಲರಿನ ಡಬ್ಬಿಯಲ್ಲಿ ಬೂದು ಬಣ್ಣದ ಅಂಟಿನ ಪುಟ್ಟ ಟ್ಯೂಬೂ ಇತ್ತು. ಚಪ್ಪಲಿಗಾದೀತೆಂದು ಎತ್ತಿಟ್ಟೆ.

ಸ್ವಿಚ್ ಒತ್ತಿದೆ. ಭೋರ್! ಪರದೆ ಬೆಳಗಿತು! ಕಾರು ಬಾಣದಂತೆ ಹಾರಿತು. ಹೆಂಡತಿ ಕುರ್ಚಿಯಲ್ಲೇ ಕುಣಿದಳು. "ರೀ, ಮರದ ಎಲೆ ಎಲೆ ಕಾಣ್ತಿದೆ ಕಣ್ರೀ!" ನಾನು ಇಲ್ಲದ ಮೀಸೆ ತಿರುವಿದೆ. ಮೊದಲ ತಿರುವು ದಾಟಿತು. ಎರಡನೆಯದೂ ದಾಟಿತು. ಮೂರನೆಯದು ಬರುವಷ್ಟರಲ್ಲಿ ಟಪ್! ಪರದೆ ಕಪ್ಪು.

ಸ್ವಲ್ಪ ಬಿಟ್ಟು ಹಾಕಿದರೆ ಮತ್ತೆ ಭೋರ್, ಮತ್ತೆ ಟಪ್.

"ಕರೆಂಟ್ ಸಾಲ್ತಿಲ್ಲ," ಎಂದು ಘೋಷಿಸಿದೆ. ಮನೆಯಲ್ಲಿ ಬಲವಾದ ಪ್ಲಗ್ಗು ಇದ್ದದ್ದು ಅಡುಗೆಮನೆಯಲ್ಲಿ, ಫ್ರಿಜ್ಜಿನದು. ಫ್ರಿಜ್ಜನ್ನು ಕಿತ್ತು ಕಂಪ್ಯೂಟರನ್ನು ಸಿಂಕಿನ ಪಕ್ಕ ಸ್ಥಾಪಿಸಿದೆ. ಟಪ್ ಎನ್ನುವುದು ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಫ್ರಿಜ್ಜಿನ ಮಂಜು ಕರಗಿ ನೆಲದ ಮೇಲೆ ಹೊಳೆ ಹರಿಯಿತು. ಹಾಲು ಒಡೆಯಿತು.

"ಹಾಗಾದ್ರೆ ಇದು ಸೆಖೆ!" ಎಂದೆ. ಅಮ್ಮನ ಕೋಣೆಯ ಟೇಬಲ್ ಫ್ಯಾನ್ ತಂದು ಎದುರಿಗಿಟ್ಟೆ. ಡಬ್ಬದ ಹಿಟ್ಟೆಲ್ಲ ಎದ್ದು ಅಡುಗೆಮನೆಯಲ್ಲಿ ಮಂಜು ಕವಿಯಿತು. ಆ ಮಂಜಿನಿಂದ ಅಮ್ಮನ ಧ್ವನಿ ಬಂತು: "ಮಗಾ, ಅದಕ್ಕೆ ಗಾಳಿ ಬೀಸ್ತಿದೀಯಲ್ಲ, ಹೆತ್ತ ತಾಯಿಗೆ ಒಂದು ದಿನ ಬೀಸಿದ್ದುಂಟೇನೋ?"

"ಅಮ್ಮಾ, ಮಾನದ ಪ್ರಶ್ನೆ!"

"ನಂದು ನಿದ್ದೆ ಪ್ರಶ್ನೆ. ಫ್ಯಾನ್ ಕೊಡು."

ವಾರವೆಲ್ಲ ಹೀಗೇ ಕಳೆಯಿತು. ಅಂಗಡಿಯವನಿಗೆ ಫೋನ್ ಮಾಡಿದರೆ "ತಂದುಕೊಡಿ ಸಾರ್, ನೋಡ್ತೀನಿ" ಎನ್ನುತ್ತಿದ್ದ. ನೋಡುವುದಕ್ಕೂ ಚಾರ್ಜಂತೆ! ನಾನು ಹೋಗಲಿಲ್ಲ. ಶನಿವಾರ ಬಂತು. ಕಣ್ಣು ಮುಚ್ಚಿದರೆ ಸಾಕು, ಷಡ್ಡಕ ಹೇಳಿದ ಆ ಅಂಗಡಿ, ಚೀಟಿ ಅಂಟಿಸಿದ ಕಂಪ್ಯೂಟರು, ಅದರ ಮುಂದೆ ತುಟಿ ಹೊಲಿದುಕೊಂಡು ನಿಂತ ನಾನು.

ಓಡದ ಮಾಲನ್ನು ಕಟ್ಟಿಕೊಂಡು ಅಳುವವನು ವ್ಯಾಪಾರಿಯಲ್ಲ. ನಷ್ಟವನ್ನಾದರೂ ಕಡಿಮೆ ಮಾಡಿಕೊಳ್ಳೋಣವೆಂದು ಗುಜರಿಯವನಿಗೆ ಫೋನ್ ಮಾಡಿ ಬೆಲೆ ಕೇಳಿದೆ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಎಷ್ಟು ಕೊಡ್ತಾನಂತೆ?"

"ತೂಕದ ಲೆಕ್ಕ. ತಗಡಿನ ಬೆಲೆ."

"ಅದಕ್ಕಿಂತ ಒಂಚೂರು ಜಾಸ್ತಿ ನಾನು ಕೊಡ್ತೀನಿ. ನನಗೇ ಮಾರಿ."

ಅವಳ ಮುಖ ನೋಡಿದೆ. ಆಸೆ ಇತ್ತು! ಆಸೆ ಇರುವ ಗಿರಾಕಿಯನ್ನು ಸುಮ್ಮನೆ ಬಿಡುವುದುಂಟೇ? ಕಟ್ಟಿಕೊಂಡ ಹೆಂಡತಿಯಾದರೇನು, ಚೌಕಾಸಿ ಮಾಡಿದೆ. "ಸಾಗಾಣಿಕೆ ಇಲ್ಲ, ಮನೆಯಲ್ಲೇ ಮಾಲು" ಎಂದು ಹೇಳಿ ಇನ್ನೊಂದಿಷ್ಟು ಏರಿಸಿದೆ. ಆಕೆ ಮರುಮಾತಾಡದೆ ಎಣಿಸಿ ಕೈಗಿಟ್ಟಳು. ಒಡೆದ ಕೊಡವನ್ನು ಮನೆಯವಳಿಗೇ ಮಾರಿ ಲಾಭ ಮಾಡಿದ ಮಹಾಪುರುಷ ನಾನೊಬ್ಬನೇ ಇರಬೇಕು! ಆ ಖುಷಿಯಲ್ಲಿ ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆದೆ.

ಎದ್ದು ನೋಡಿದರೆ ಆಕೆ ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ಕಂಪ್ಯೂಟರ್ ಅಂಗಡಿಯವನ ಜೊತೆ ಮಾತಾಡುತ್ತಿದ್ದಳು. "ಹಾಂ, ತೆಗೆದೆ... ಹೌದು, ಪ್ಲಾಸ್ಟಿಕ್ ಹಾಗೇ ಇದೆ... ಇಲ್ಲ ಅಣ್ಣಾ, ಮರೆತಿದ್ದಲ್ಲ, ಬೇಕೂಂತಲೇ ಇಟ್ಟಿದ್ದು... ನೀವು ನಗಬೇಡಿ, ನನಗೂ ನಗು ಬರುತ್ತೆ."

ಕೂಲರು ಅವಳ ಅಂಗೈಯಲ್ಲಿತ್ತು. ನಾನು ತೀಡಿ ಕೂರಿಸಿದ್ದ ಹಾಳೆಯನ್ನು ಚರ್ರೆಂದು ಎಳೆದಳು. ಮಿದುಳಿನ ಬಿಸಿ ತಾಮ್ರಕ್ಕೆ ಹತ್ತದಂತೆ ನಾನೇ ಪ್ಲಾಸ್ಟಿಕ್ ರೇನ್‌ಕೋಟು ತೊಡಿಸಿದ್ದೆನಂತೆ! ಅದು ಬೆಂದು ಬೆಂದು ಪ್ರಜ್ಞೆ ತಪ್ಪುತ್ತಿತ್ತಂತೆ!

"ಬಿಸೀನ ತಾಮ್ರಕ್ಕೆ ದಾಟಿಸೋಕೆ ಒಂದು ಬೂದು ಪೇಸ್ಟ್ ಇತ್ತಂತಲ್ಲ ರೀ, ಎಲ್ಲಿ?"

ನಾನು ನನ್ನ ಎಡಗಾಲಿನ ಚಪ್ಪಲಿ ನೋಡಿಕೊಂಡೆ. ಅದೃಷ್ಟಕ್ಕೆ ಟ್ಯೂಬಿನಲ್ಲಿ ಇನ್ನೂ ಒಂದು ಕಾಳಿನಷ್ಟು ಉಳಿದಿತ್ತು. ಚಪ್ಪಲಿ ಮಾತ್ರ ಅಂಟಿರಲಿಲ್ಲ.

ಭಾನುವಾರದ ಪಂದ್ಯ! ಒಂದು ಟಪ್ ಇಲ್ಲ, ಒಂದು ಧ್ಯಾನವಿಲ್ಲ. ಇವಳು ಉಸಿರು ಬಿಗಿಹಿಡಿದು ಕಾರು ಬಿಟ್ಟಳು. ಫ್ಯಾನ್ ಬಿಟ್ಟುಕೊಡದ ಅಮ್ಮ ಕೂಡ "ಹೊಡಿ ಸೊಸೇ, ಅವಳನ್ನ ಬಿಡಬೇಡ!" ಎಂದು ಕೂಗಿದರು. ಕೊನೆಯ ತಿರುವಿನಲ್ಲಿ ಅಕ್ಕನ ಕಾರು ಹೊಂಡಕ್ಕೆ ಹಾರಿತು, ಇವಳ ಕಾರು ಗೆರೆ ದಾಟಿತು. ಸ್ಪೀಕರ್ ಹಾಕಿದ್ದ ಫೋನಿನಲ್ಲಿ ಅಕ್ಕನ ಆರ್ತನಾದ. ಇವಳು ಕುರ್ಚಿಯ ಮೇಲೆ ಹತ್ತಿ ನಿಂತು ನಕ್ಕಳು, ಅತ್ತಳು, ಮತ್ತೆ ನಕ್ಕಳು.

ನಾನು ಗಂಟಲು ಸರಿಮಾಡಿಕೊಂಡು ಫೋನಿಗೆ ಬಾಗಿದೆ. "ಏನಂತೀರಿ? ನೋಡಿದ್ರಾ ನನ್ನ ಮೆಷಿನ್ನು?"

"ಒಪ್ಪಿದೆ ಸಾಹುಕಾರ್ರೇ, ಭರ್ಜರಿ!" ಎಂದ ಷಡ್ಡಕ. ನಾನು ಇನ್ನೂ ಉಬ್ಬುವವನಿದ್ದೆ.

"ಭಾವ, ಮೆಷಿನ್ ಅವರದಲ್ಲ," ಎಂದಳು ಇವಳು, ಕುರ್ಚಿಯ ಮೇಲಿಂದ. "ನಿನ್ನೆ ನನಗೆ ಗುಜರಿ ಬೆಲೆಗೆ ಮಾರಿಬಿಟ್ರು."

ಫೋನು ನಕ್ಕ ಸದ್ದಿಗೆ ಮೇಜು ನಡುಗಿತು. "ಹಾಗಾದ್ರೆ ಗೆದ್ದಿದ್ದು ನಿಮ್ಮ ಮೆಷಿನ್ ಅಲ್ಲ! ಸಾಹುಕಾರ್ರೇ, ನಾಳೆ ಬೆಳಗ್ಗೆ ರೆಡಿಯಾಗಿರಿ, ಅಂಗಡಿಗೆ ಕರ್ಕೊಂಡು ಹೋಗ್ತೀನಿ!"

ಹೆಂಡತಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ: "ನೋಡು, ನೀನು ಕೊಟ್ಟ ದುಡ್ಡು ವಾಪಸ್ ಕೊಡ್ತೀನಿ. ಮೆಷಿನ್ ನನಗೇ ಕೊಟ್ಬಿಡು, ಮಾರಾಟ ಆಗೇ ಇಲ್ಲ ಅಂದ್ಕೊಳ್ಳೋಣ."

ಆಕೆ ಬೆಲೆ ಹೇಳಿದಳು. ನಾನು ಎಲ್ಲ ಭಾಗಗಳಿಗೂ ಸುರಿದದ್ದು, ಅದರ ಮೇಲೆ ಆಕೆಯ ಫಿಟ್ಟಿಂಗ್ ಚಾರ್ಜು, ಒಡೆದ ಹಾಲು ಬೇರೆ!

"ಅರ್ಧಕ್ಕೆ ಮುಗಿಸೋಣ ಕಣೇ," ಎಂದೆ.

"ಬೇಡ ಅಂದ್ರೆ ಬಿಡಿ. ಇನ್ನೊಬ್ಬ ಗಿರಾಕಿ ಕಾಯ್ತಿದಾರೆ."

ನಾನು ಗಹಗಹಿಸಿ ನಕ್ಕೆ. ಇದು ವ್ಯಾಪಾರದಲ್ಲಿ ಎಲ್ಲಕ್ಕಿಂತ ಹಳೆಯ ಸುಳ್ಳು. ಇದನ್ನು ಹೇಳಿ ಹೇಳಿಯೇ ನಾನು ಮನೆ ಕಟ್ಟಿಸಿದ್ದು. "ಯಾರಮ್ಮಾ ಆ ಗಿರಾಕಿ? ಕರಿ, ನೋಡೋಣ!"

ಮೇಜಿನ ಮೇಲೆ ಯಾರೂ ಆರಿಸದೆ ಬಿಟ್ಟಿದ್ದ ಫೋನು ಕೆಮ್ಮಿತು.

"ನಾನೇ, ಸಾಹುಕಾರ್ರೇ. ಹೇಳಿದ ಬೆಲೆಗೇ ತಗೋತೀನಿ. ಗಾಡಿ ತರಲಾ?"

ಪೂರ್ತಿ ಕೊಟ್ಟೆ. ತುಟಿ ಬಿಚ್ಚದೆ.